ಮೊದಲ ಫ್ಯಾನಿಗೆ ಹೆದರಿದವರು

ನನ್ನ ಸೋದರಮಾವ ಈವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ! ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆ ಅವರು ಕಾಲಿಡದ ಹಳೆಯ ಮನೆ ಇಲ್ಲವೆಂದೇ ಹೇಳಬೇಕು. ಆದರೆ ಚಾವಡಿಗೆ ಬಂದದ್ದೇ ತಡ, ಕತ್ತು ಹಿಂದಕ್ಕೆ ವಾಲುತ್ತದೆ, ಕಣ್ಣು ತಲೆಯ ಮೇಲಿನ ಮಾಡಿಗೆ ಅಂಟುತ್ತದೆ. ಮನೆಯವರು ಬೆಲ್ಲ ನೀರು ತಂದಿಟ್ಟು ಎದುರು ನಿಂತಿರುತ್ತಾರೆ. ಪಾಪ, ಎಷ್ಟು ಹೊತ್ತು ಒಬ್ಬ ಮನುಷ್ಯನ ಗದ್ದದೊಡನೆ ಮಾತಾಡಲಿಕ್ಕೆ ಆಗುತ್ತದೆ?

ಅವರು ಹುಡುಕುವುದು ಹಳೆಯ ಕರೆಂಟ್ ಫ್ಯಾನುಗಳನ್ನು. ಕೊಳ್ಳಲಿಕ್ಕಲ್ಲ, ಮಾರಲಿಕ್ಕಲ್ಲ, ಅವುಗಳ ಚರಿತ್ರೆ ಬರೆಯಲಿಕ್ಕೆ. ಹಿತ್ತಾಳೆ ರೆಕ್ಕೆಯವು, ಮರದ ರೆಕ್ಕೆಯವು, ಹೊಟ್ಟೆ ಹಂಡೆಯಷ್ಟು ದೊಡ್ಡದಿರುವವು, ಎಲ್ಲದಕ್ಕೂ ಅವರ ಉದ್ದದ ಪುಸ್ತಕದಲ್ಲಿ ಒಂದೊಂದು ಪುಟ ಉಂಟು. ನೌಕರಿಯಲ್ಲಿದ್ದಾಗ ಮನೆಮನೆಗೆ ಹೋಗಿ ಮೀಟರ್ ಓದುವುದು ಅವರ ಕೆಲಸ. ಎಲ್ಲ ಮನೆಗಳಲ್ಲಿ ಮೀಟರ್ ಇರುವುದು ಜಗಲಿಯಲ್ಲಿ. ಅದನ್ನು ಓದಲು ಚಾವಡಿಯ ನಡುಮಧ್ಯಕ್ಕೆ ಹೋಗಬೇಕಾಗಿ ಬಂದ ಏಕೈಕ ನೌಕರ ನಮ್ಮ ಮಾವ!

ಲಾಯಿಲದಲ್ಲಿ ಹೆಣ್ಣು ನೋಡಲು ಹೋದಾಗಲೂ ಹೀಗೆಯೇ ಆಯಿತಂತೆ. ಹುಡುಗಿ ಚಹಾ ತಂದಳು, ಕೊಟ್ಟಳು, ಒಳಗೆ ಹೋದಳು. ಇವರು ಕತ್ತು ಇಳಿಸಲಿಲ್ಲ. ಹೊರಗೆ ಬಂದ ಮೇಲೆ ನನ್ನ ಅಮ್ಮ, ಅಂದರೆ ಇವರ ಅಕ್ಕ, ಕೇಳಿದರು:

“ಹುಡುಗಿ ಹೇಗಿದ್ದಾಳೆ ಮಾರಾಯ?”

“ನಾಲ್ಕು ರೆಕ್ಕೆ. ಹಿತ್ತಾಳೆ. ಒಂದು ಸ್ವಲ್ಪ ಬಗ್ಗಿದೆ, ರಿಪೇರಿ ಆಗ್ತದೆ.”

ಅತ್ತೆ ಇದನ್ನು ಇಂದಿಗೂ ಬಂದ ನೆಂಟರಿಗೆಲ್ಲ ಬಡಿಸುತ್ತಾರೆ. “ಇವರು ಕೇಳಿದ್ದು ಫ್ಯಾನನ್ನು. ನಮ್ಮ ಅಪ್ಪನಿಗೆ ಫ್ಯಾನ್ ಕೊಡಲಿಕ್ಕೆ ಮನಸ್ಸಾಗಲಿಲ್ಲ, ನನ್ನನ್ನು ಕೊಟ್ಟುಬಿಟ್ರು!”

ನನಗೆ ಈ ಕತೆಯ ಮೇಲೆ ಪೂರ್ತಿ ನಂಬಿಕೆಯಿಲ್ಲ. ಇಷ್ಟು ನುಣ್ಣಗೆ ಉರುಳುವ ನೆನಪನ್ನು ಕಂಡರೆ ನನಗೆ ಅನುಮಾನವೇ ಜಾಸ್ತಿ. ಅಮ್ಮನ ಕತೆಯಲ್ಲಿ ರೆಕ್ಕೆ ನಾಲ್ಕು, ಅತ್ತೆಯ ಕತೆಯಲ್ಲಿ ಮೂರು. ಒಮ್ಮೆ ಮಾವನನ್ನೇ ಹಿಡಿದು ಕೇಳಿದೆ. “ಆ ಮನೆಯಲ್ಲಿ ಇದ್ದದ್ದು ಟೇಬಲ್ ಫ್ಯಾನ್,” ಎಂದರು.

“ಮತ್ತೆ ನೀವು ಮೇಲೆ ನೋಡಿದ್ದು ಏನನ್ನು?”

“ನಾಚಿಕೆ ಆಯ್ತು ಮಾರಾಯ!”

ಈ ಸಂಶೋಧನೆಗೆ ಒಂದು ಮೂಲ ಉಂಟು. “ನಮ್ಮ ಕಡೆ ಮೊದಲು ಫ್ಯಾನ್ ತಿರುಗಿದ್ದು ನಮ್ಮ ಮನೆಯಲ್ಲಿ” ಎಂದು ಅಮ್ಮ ಜೀವಮಾನವಿಡೀ ಹೇಳಿಕೊಂಡು ಬಂದವರು. ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಅಜ್ಜ ಅದನ್ನು ಹಡಗಿನಲ್ಲಿ ತಂದು ಬಂಟ್ವಾಳದ ಮನೆಯ ಚಾವಡಿಯಲ್ಲಿ ತೂಗುಹಾಕಿದರಂತೆ. ಮದುವೆಮನೆಗಳಲ್ಲಿ ಯಾರೋ ಇದಕ್ಕೆ ನಕ್ಕರು. “ನಗುವವರ ಬಾಯಿ ಮುಚ್ಚಿಸುವ ಹಾಗೆ ಬರೆದು ತೋರಿಸು,” ಎಂದು ಅಕ್ಕ ತಮ್ಮನಿಗೆ ಹೇಳಿದರು. ತಮ್ಮ ಹೊರಟರು. ಮೂವತ್ತು ವರ್ಷವಾಯಿತು, ಇನ್ನೂ ಹೊರಟೇ ಇದ್ದಾರೆ!

ಅವರ ಕ್ರಮ ನೋಡಬೇಕು ನೀವು. ಕಂಕುಳಲ್ಲಿ ಒಂದು ಚಾಪೆ. ಫ್ಯಾನಿನ ನೇರ ಕೆಳಗೆ ಅದನ್ನು ಹಾಸಿ, ಅಂಗಾತ ಮಲಗಿ, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಾರೆ. ಮೂಡುಬಿದಿರೆಯ ಒಂದು ಮನೆಯಲ್ಲಿ ಮಲಗಿದವರು ಹಾಗೆಯೇ ನಿದ್ದೆ ಹೋದರು. ಆ ಮನೆಯ ಯಜಮಾನರು ಎಂಥ ಸಂಭಾವಿತರೆಂದರೆ, ತಾವು ಹೊರಗೆ ಕೂತು, ಬಂದವರಿಗೆಲ್ಲ “ಮೆಲ್ಲ, ಮೆಲ್ಲ! ಒಳಗೆ ಸಂಶೋಧನೆ ನಡೀತಾ ಉಂಟು,” ಎಂದು ಹೇಳುತ್ತಿದ್ದರು. ಗೊರಕೆ ಅಂಗಳದವರೆಗೂ ಕೇಳುತ್ತಿತ್ತು.

ಎದ್ದ ಮೇಲೆ ಮೂರು ಪ್ರಶ್ನೆ. ತೂಗುಹಾಕಿದ್ದು ಯಾರು? ಸ್ವಿಚ್ ಹಾಕಿದ್ದು ಯಾರು? ಹೆದರಿದವರು ಯಾರು? ಮೊದಲಿನ ಎರಡಕ್ಕೆ ಜನ ಏನು ಬೇಕಾದರೂ ಹೇಳುತ್ತಾರೆ, ಎಲ್ಲರ ಅಜ್ಜನೂ ಶೂರನೇ. ಮೂರನೆಯದು ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ಮಾವನ ಸಿದ್ಧಾಂತ. “ತಲೆಯ ಮೇಲೆ ಕಬ್ಬಿಣ ತಿರುಗ್ತದೆ, ಯಾರೂ ಹೆದರಲಿಲ್ಲ ಅಂದ್ರೆ ಅದು ತಿರುಗಲೇ ಇಲ್ಲ ಅಂತ ಅರ್ಥ.”

ಬೆಳ್ತಂಗಡಿಯ ಕಡೆ ಒಬ್ಬ ಹಿರಿಯರು ತೀರಿಕೊಂಡಾಗ ಮಾತಾಡಿಸಿ ಬರಲು ನಾವಿಬ್ಬರೂ ಹೋಗಿದ್ದೆವು. ಚಾಪೆಯನ್ನು ನಾನು ಮೊದಲೇ ಕಸಿದು ಮನೆಯಲ್ಲಿಟ್ಟಿದ್ದೆ. ಮಾವ ತೀರಿಹೋದವರ ಮಗನ ಕೈ ಹಿಡಿದು ಐದು ನಿಮಿಷ ಸುಮ್ಮನೆ ಕೂತರು. ಪರವಾಗಿಲ್ಲ, ಮನುಷ್ಯರಾದರು ಎಂದುಕೊಂಡೆ. ಅಷ್ಟರಲ್ಲಿ ಕತ್ತು ಮೆಲ್ಲಗೆ ಏರತೊಡಗಿತು.

“ನಿಮ್ಮ ತಂದೆಯವರು ಇದರ ಸ್ವಿಚ್ ಹಾಕಿದಾಗ ಹೆದರಿದ್ದು ಯಾರು?”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಗ ಒಂದು ಕ್ಷಣ ಫ್ಯಾನನ್ನೇ ನೋಡಿದರು. ಆಮೇಲೆ ಅವರ ತುಟಿ ಅಲುಗಿತು. “ಹೆದರಿದ್ದು ಅಪ್ಪನೇ! ಸ್ವಿಚ್ ಹಾಕಿ ಅಂಗಳಕ್ಕೆ ಓಡಿದ್ರಂತೆ. ಅಜ್ಜಿ ಮಾತ್ರ ಅದರ ಅಡಿಯಲ್ಲೇ ಕೂತು ವೀಳ್ಯ ಹಾಕ್ತಾ ಇದ್ರಂತೆ.” ಒಳಗಿನಿಂದ ಹೆಂಗಸರು ಬಂದರು, ಒಬ್ಬೊಬ್ಬರೂ ಒಂದೊಂದು ಸೇರಿಸಿದರು, ಸಾವಿನ ಮನೆಯಲ್ಲಿ ಸತ್ತವರು ಮತ್ತೊಮ್ಮೆ ಅಂಗಳಕ್ಕೆ ಓಡಿದರು. ಹೊರಡುವಾಗ ಮಗ ಗೇಟಿನವರೆಗೂ ಬಂದು, “ಪುನಃ ಬನ್ನಿ ಅಣ್ಣ, ಆಯ್ತಾ?” ಎಂದರು. ನಾಲ್ಕು ಸಾಂತ್ವನದ ಮಾತು ಬಾಯಿಪಾಠ ಮಾಡಿಕೊಂಡು ಹೋಗಿದ್ದ ನನ್ನನ್ನು ಯಾರೂ ಕರೆಯಲಿಲ್ಲ.

ಕಳೆದ ವರ್ಷ ಮೂಡುಬಿದಿರೆಯಲ್ಲಿ ಹಳೆಯ ವಸ್ತುಗಳ ಒಂದು ಪ್ರದರ್ಶನ. ನಡೆಸುವವರು ಮಾವನನ್ನು ಭಾಷಣಕ್ಕೆ ಕರೆದರು: ನಮ್ಮ ಸೀಮೆಯ ಮೊದಲ ಫ್ಯಾನ್ ಯಾವುದು? ಅಮ್ಮ ಹೊಸ ಸೀರೆಗೆ ರವಿಕೆ ಹೊಲಿಸಿದರು. ಬಿ.ಸಿ.ರೋಡಿನ ಟೈಲರನಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಆಮಂತ್ರಣ ಹೋಯಿತು.

ಎಲ್ಲ ಮನೆಗಳ ಫ್ಯಾನ್ ನೋಡಿದ ಮಾವ ನಮ್ಮದನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ. ಅಕ್ಕನ ಮಾತಿಗೆ ಪರೀಕ್ಷೆಯೇ? ಭಾಷಣಕ್ಕೆ ಒಂದು ವಾರ ಇರುವಾಗ ನಾನು ಏಣಿ ಹಿಡಿದೆ, ಅವರು ಫ್ಯಾನ್ ಇಳಿಸಿ ಹೊಟ್ಟೆ ಬಿಚ್ಚಿದರು. ಅಂಥ ಫ್ಯಾನಿನ ಒಳಗೆ ಬ್ರಷ್ ಎಂಬ ಎರಡು ಇದ್ದಿಲ ತುಂಡುಗಳಿರುತ್ತವೆ. ಫ್ಯಾನ್ ತಿರುಗಿದ ಹಾಗೆ ಅವು ಸವೆಯುತ್ತವೆ, ಸ್ಲೇಟಿನ ಮೇಲೆ ಬಳಪ ಸವೆದ ಹಾಗೆ. ನಮ್ಮವು ಅಂಗಡಿಯಿಂದ ನಿನ್ನೆ ತಂದ ಹಾಗಿದ್ದವು. ಮಾವ ಅವನ್ನು ಅಂಗೈಯಲ್ಲಿಟ್ಟುಕೊಂಡು ಮಗುಚಿ ಮಗುಚಿ ನೋಡಿದರು.

“ಇದು ಡಿ.ಸಿ. ಕರೆಂಟಿನ ಫ್ಯಾನ್. ಮುಂಬಯಿಯಲ್ಲಿ ಆಗ ಅದಿತ್ತು. ನಮ್ಮಲ್ಲಿಗೆ ಬಂದದ್ದು ಎ.ಸಿ., ಇದಕ್ಕೆ ಆಗುದಿಲ್ಲ. ಒಂದು ಸುತ್ತೂ ತಿರುಗಲಿಲ್ಲ ಮಾರಾಯ ಇದು.”

ಕರೆಂಟ್ ಬರುವ ಮೊದಲೇ ಅಜ್ಜ ಫ್ಯಾನ್ ತೂಗುಹಾಕಿದ್ದರು. ಬಂದವರನ್ನು ಅದರ ಕೆಳಗೇ ಕೂರಿಸುತ್ತಿದ್ದರಂತೆ. ಅವರೂ ಮರ್ಯಾದಸ್ಥರು, “ಹಾ, ತಂಪುಂಟು!” ಎನ್ನುತ್ತಿದ್ದರಂತೆ. ಇಂಥ ಜನರ ನಡುವೆ ಒಂದು ಫ್ಯಾನ್ ತಿರುಗಿತು ಎನ್ನಿಸಿಕೊಳ್ಳಲು ತಿರುಗಲೇಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಹೆದರಿದವರ ಕತೆ ಯಾಕಿಲ್ಲವೆಂದು ನನಗೆ ಆಗ ಹೊಳೆಯಿತು.

“ಮಾವ, ಬ್ರಷ್ ಆಮೇಲೆ ಯಾರೋ ಹೊಸತು ಹಾಕಿದ್ದು ಅಂತ ಹೇಳುವ,” ಎಂದೆ. ಅಮ್ಮನ ಹೊಸ ರವಿಕೆ ನನ್ನ ಕಣ್ಣ ಮುಂದಿತ್ತು.

“ಯಾರು ಹಾಕಿದ್ದು?”

“ಯಾರೋ!”

“ನನ್ನ ಪುಸ್ತಕದಲ್ಲಿ ‘ಯಾರೋ’ ಅಂತ ಯಾರೂ ಇಲ್ಲ.”

ಸಭೆಯಲ್ಲಿ ಐವತ್ತು ಜನ ಇದ್ದಿರಬಹುದು. ಅಮ್ಮ ಎದುರಿನ ಸಾಲಿನ ಮೊದಲ ಕುರ್ಚಿಯಲ್ಲಿ. ಮಾವನಿಗೆ ಅಂದು ಮಾಡು ನೋಡುವ ಅವಕಾಶವಿತ್ತು, ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ಹೇಳಿದರು: “ಮೊದಲ ಸ್ಥಾನ ನಾರಾವಿಯ ಒಂದು ಮನೆಗೆ. ಅವರ ಅಕ್ಕಿ ಮಿಲ್ಲಿಗೆ ಸ್ವಂತ ಡೈನಮೊ ಇತ್ತು, ಅದರ ಕರೆಂಟಿನಲ್ಲಿ ಫ್ಯಾನ್ ತಿರುಗಿತು. ಆ ಮನೆಯ ಅಜ್ಜಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದ್ರು. ಅಂಗಳದಲ್ಲಿ ನೋಡಿದ್ರೆ ಕೈಯಲ್ಲಿ ಇದ್ದದ್ದು ದಿಂಬು. ಅಲ್ಲಿಯ ಬ್ರಷ್ ಸವೆದು ಹೋಗಿದೆ, ನಾನು ನೋಡಿದ್ದೇನೆ. ನಮ್ಮ ಮನೆಯ ಫ್ಯಾನ್ ಒಂದು ದಿನವೂ ತಿರುಗಲಿಲ್ಲ.”

ಜನ ದಿಂಬಿಗೆ ನಕ್ಕರು, ಕೊನೆಯಲ್ಲಿ ಚಪ್ಪಾಳೆ ತಟ್ಟಿದರು. ಅಮ್ಮನ ಕೈ ಮಡಿಲಲ್ಲೇ ಇತ್ತು. ಆಗ ನನಗೆ ಮಾವನ ಮೇಲೆ ಸಿಟ್ಟು ಬಂತೋ ಹೆಮ್ಮೆ ಬಂತೋ, ಈಗ ಖಚಿತವಾಗಿ ಹೇಳಲಾರೆ. ಹೆಮ್ಮೆಯೇ ಎಂದು ಇಂದು ಬರೆಯುತ್ತಿದ್ದೇನೆ. ಮನೆತನಕ್ಕಾಗಿ ಎರಡು ತುಂಡು ಇದ್ದಿಲನ್ನು ಬಚ್ಚಿಡುವುದು ಎಷ್ಟು ಸುಲಭವಿತ್ತು! ಮೂವತ್ತು ವರ್ಷದ ಕೆಲಸದ ಕೊನೆಗೆ ಅವರು ತಮ್ಮದೇ ಚಾವಡಿಯನ್ನು ಸೋಲಲು ಬಿಟ್ಟರು. ನನ್ನ ಕುಟುಂಬದಲ್ಲಿ ಇಷ್ಟು ಧೈರ್ಯದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಬದಿ, ಮಾವ ನಡುವೆ, ಈಚೆ ನಾನು. ಅರ್ಧ ದಾರಿ ಕಳೆಯಿತು. ಆಮೇಲೆ ಅಮ್ಮ ತುಳುವಿನಲ್ಲಿ ಮಾತು ತೆಗೆದರು. ನಾನು ಕನ್ನಡಕ್ಕೆ ತರುವಾಗ ಏನೇನು ಉದುರಿತೋ ತಿಳಿಯದು.

“ನೀನು ಹೇಳಿದ್ದು ಸರಿಯೇ ಇರಬಹುದು. ಆದ್ರೆ ನನಗೆ ಸಣ್ಣದಿರುವಾಗ ಜ್ವರ ಬಂದಿತ್ತು. ಆಗ ನೀನು ಹುಟ್ಟಿರಲಿಲ್ಲ. ಆ ಫ್ಯಾನಿನ ಅಡಿಯಲ್ಲೇ ನನ್ನನ್ನು ಮಲಗಿಸಿದ್ರು. ಗಾಳಿ ಬಂದದ್ದು ನನಗೆ ಗೊತ್ತುಂಟು. ಅದೂ ಸುಳ್ಳಾ?”

ಮಾವ ಚೀಲದಿಂದ ಪುಸ್ತಕ ತೆಗೆದು ನಮ್ಮ ಮನೆಯ ಪುಟ ಬಿಡಿಸಿದರು.

“ಯಾವ ಕಡೆಯಿಂದ ಬರ್ತಿತ್ತು ಅಕ್ಕ, ಗಾಳಿ?”

ಅಮ್ಮ ಕಣ್ಣು ಮುಚ್ಚಿದರು. “ಎಡಗಡೆಯಿಂದ. ಈ ಕೆನ್ನೆಗೆ.”

“ಒಂದೇ ಸಮ ಬರ್ತಿತ್ತಾ?”

“ಇಲ್ಲ. ನಡುನಡುವೆ ನಿಲ್ತಿತ್ತು. ನಾನು ನರಳಿದ್ರೆ ಪುನಃ ಬರ್ತಿತ್ತು.”

ಮಾವ ಬರೆದುಕೊಂಡರು. ಬಸ್ಸು ಕುಲುಕುತ್ತಿದ್ದುದರಿಂದ ಅಕ್ಷರಗಳು ಸೊಟ್ಟಗಾದವು. ‘ತಿರುಗಿಲ್ಲ’ ಎಂಬುದರ ಕೆಳಗೆ: ಗಾಳಿ ಇತ್ತು, ಎಡಗಡೆಯಿಂದ, ನಿಂತು ನಿಂತು. ಎಡಗಡೆಯಲ್ಲಿ ಯಾರು ಕೂತಿದ್ದರು ಎಂದು ಕೇಳಲು ನಾನು ಬಾಯಿ ತೆರೆದೆ. ಮಾವ ನನ್ನ ಮೊಣಕಾಲನ್ನು ಗಟ್ಟಿಯಾಗಿ ಅದುಮಿ ಹಿಡಿದರು. ಅಮ್ಮ ಇನ್ನೂ ಕಣ್ಣು ತೆರೆದಿರಲಿಲ್ಲ.