ಎಡಗಡೆಯ ಸೀಟಿನಲ್ಲಿ ಕೂತು ವಿಜಯಪುರಕ್ಕೆ

ಕಾರಿನ ಬ್ರೇಕು ಬಲಗಡೆ ಕೂತವರ ಕಾಲಬುಡದಲ್ಲಿ ಮಾತ್ರ ಇರುತ್ತದೆ ಎಂಬುದನ್ನು ನನ್ನ ಬುದ್ಧಿ ಒಪ್ಪಿಕೊಂಡು ಬಹಳ ವರ್ಷಗಳಾದವು. ಕಾಲು ಮಾತ್ರ ಇನ್ನೂ ಒಪ್ಪಿಲ್ಲ. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನನ್ನ ಹೆಂಡತಿ ಶೈಲಾ. ನಾನು ಎಡಗಡೆಯ ಸೀಟಿನಲ್ಲಿ ಕೂತು ಹೆದರುತ್ತೇನೆ. ಈ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡುತ್ತೇನೆಂದರೆ, ನನ್ನ ಕಾಲ ಕೆಳಗಿನ ರಬ್ಬರ್ ಮ್ಯಾಟು ಒಂದೇ ಕಡೆ ಸವೆದು ತೂತಾಗಿದೆ. ಹಾಗಂತ ಕಾರು ಕಲಿಯಲು ನಾನು ಪ್ರಯತ್ನಿಸಿಲ್ಲವೆಂದಲ್ಲ. ಪುಣೆಯ ಯೆರವಡಾದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಒಂದು ವಾರ ನನ್ನ ಪಕ್ಕದಲ್ಲಿ ಕೂತು, ಆಮೇಲೆ ಮೆಲ್ಲಗೆ ಬೆನ್ನು ತಟ್ಟಿ, "ಸಾಹೇಬ, ತುಮ್ಹೀ ಆಪ್ಲೇ ರಿಕ್ಷಾನೇಚ ಜಾ" ಎಂದರು. ನೀವು ರಿಕ್ಷಾದಲ್ಲೇ ಓಡಾಡಿ ಎಂದು ಇಷ್ಟು ಗೌರವದಿಂದ ನನಗೆ ಇನ್ಯಾರೂ ಹೇಳಿಲ್ಲ.

ಇದರಲ್ಲಿ ನನ್ನ ನೌಕರಿಯ ತಪ್ಪೂ ಇದೆ. ಖರಾಡಿಯ ಒಂದು ವಿಮಾ ಕಚೇರಿಯಲ್ಲಿ ಅಪಘಾತಕ್ಕೀಡಾದ ವಾಹನಗಳ ಕ್ಲೇಮು ನೋಡುವುದು ನನ್ನ ಹೊಟ್ಟೆಪಾಡು. ಬೆಳಗಿನಿಂದ ಸಂಜೆಯವರೆಗೆ ನುಜ್ಜುಗುಜ್ಜಾದ ಬಾನೆಟ್ಟುಗಳ ಫೋಟೋ ನೋಡುವವನಿಗೆ ರಸ್ತೆ ರಸ್ತೆಯಾಗಿ ಕಾಣುವುದಿಲ್ಲ. ದಾರಿಯಲ್ಲಿ ಎಮ್ಮೆ ಎದುರಾದರೆ ಬೇರೆಯವರಿಗೆ ಹಾಲು ನೆನಪಾಗಬಹುದು. ನನಗೆ ಎಮ್ಮೆಗೆ ಗುದ್ದಿ ಕಾಲುವೆಗಿಳಿದ ವ್ಯಾನು ನೆನಪಾಗುತ್ತದೆ. ಇಂಥವನು ಚಂಡಮಾರುತದ ದಿನ ಪುಣೆಯಿಂದ ವಿಜಯಪುರದವರೆಗೆ ಕಾರಿನಲ್ಲಿ ಹೋಗಬೇಕಾಗಿ ಬಂದದ್ದು ನನ್ನ ಸೋದರತ್ತೆಯ ದೆಸೆಯಿಂದ.

ಗೋದಾವರಿ ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಮಕ್ಕಳಿಲ್ಲ, ಯಜಮಾನರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಅವರ ತಮ್ಮ, ಅಂದರೆ ನನ್ನ ಶ್ರೀಪಾದ ಕಾಕಾ, ಇರುವುದು ವಿಜಯಪುರದಲ್ಲಿ. ಈ ಅಕ್ಕ ತಮ್ಮ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಕಾರಣ ದೊಡ್ಡದೇ. ಕಾಕಾನ ಮಗಳ ಮದುವೆಯಲ್ಲಿ ಅತ್ತೆಯನ್ನು ಎರಡನೆಯ ಪಂಕ್ತಿಗೆ ಕೂಡಿಸಿದ್ದರು, ಅಷ್ಟರಲ್ಲಿ ಮದುವೆಯೂಟದ ಮುಖ್ಯ ಸಿಹಿಯಾದ ಮಂಡಿಗೆ ಮುಗಿದಿತ್ತು. "ಹೆಣ್ಣಿನ ಸೋದರತ್ತಿಗೆ ಮಂಡಿಗಿ ಇಲ್ಲ" ಎಂದು ಎದ್ದವರು ಮತ್ತೆ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಆದರೆ ಪ್ರತಿ ಭಾನುವಾರ ಕಾಕಾ ನನಗೆ ಫೋನ್ ಮಾಡುವಾಗ ಅತ್ತೆ ಟಿವಿಯ ದನಿ ಇಳಿಸುತ್ತಿದ್ದರು. ಆ ಕಡೆಯಿಂದ ಕಾಕಾ, "ಆಕಿ ಮೊಣಕಾಲು ಹೆಂಗ ಅದ?" ಎಂದು ಕೇಳುತ್ತಿದ್ದರು. "ಯಾರ ಮೊಣಕಾಲು?" ಎಂದು ನಾನೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ ಕಾಕಾನ ಮಗ ರಘುವಿನ ಫೋನ್ ಬಂತು. ಕಾಕಾನ ಎದೆಯ ರಕ್ತನಾಳಗಳು ಕಟ್ಟಿಕೊಂಡಿವೆ, ನಾಡಿದ್ದು ಬೆಳಿಗ್ಗೆ ಬೈಪಾಸ್ ಆಪರೇಷನ್. "ಅಪ್ಪ ಒಂದೇ ಮಾತು ಹಿಡದಾರ ವಸಂತಣ್ಣ. ಒಳಗ ಹೋಗೂಕಿಂತ ಮೊದಲ ಅಕ್ಕನ ಮಾರಿ ನೋಡಬೇಕಂತ." ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಚೀಲ ಹಿಡಿದು ಹೊರಬಂದು, "ಯಾವ ಗಾಡಿ ಅದ?" ಎಂದರು.

ಗಾಡಿಯೇ ಇರಲಿಲ್ಲ. ಬಂಗಾಳ ಕೊಲ್ಲಿಯಲ್ಲೆದ್ದ ಚಂಡಮಾರುತ ನಮ್ಮ ಚಳಿಗಾಲದೊಳಕ್ಕೆ ನುಗ್ಗಿತ್ತು. ಹಳಿಯ ಮೇಲೆ ನೀರು ಬಂದು ರೈಲು ರದ್ದಾಗಿದ್ದವು, ಬಸ್ಸಿನವರು ಫೋನ್ ಎತ್ತುತ್ತಿರಲಿಲ್ಲ. ನನ್ನ ಮೊಬೈಲಿನ ಹವಾಮಾನದ ನಕ್ಷೆಯಲ್ಲಿ ಸೋಲಾಪುರದ ದಾರಿ ಪೂರ್ತಿ ಕೆಂಪಾಗಿತ್ತು. ಅದನ್ನು ಶೈಲಾಳಿಗೆ ತೋರಿಸಿದೆ. ಆಕೆ ನೋಡಿ, "ಹಂಗಾರ ನಾಳೆ ಬೆಳಿಗ್ಗೆ ಲಗೂನ ಬಿಡೋಣು" ಎಂದಳು.

ಮರುದಿನ ಬೆಳಿಗ್ಗೆ ಹಡಪಸರ ದಾಟುವ ಮೊದಲೇ ಮಳೆ ಹಿಡಿಯಿತು. ಗಾಜಿನ ತುಂಬ ನೀರು, ಅಕ್ಕಪಕ್ಕ ಲಾರಿಗಳು, ಲಾರಿಗಳು ಎರಚುವ ಇನ್ನಷ್ಟು ನೀರು. ನಾನು ಕಾಲಿನಿಂದ ಮ್ಯಾಟು ಒತ್ತುತ್ತ, ಬಾಯಿಂದ "ಸಾವಕಾಶ, ಸಾವಕಾಶ" ಎನ್ನುತ್ತ ಕೂತಿದ್ದೆ. ಶೈಲಾ ಹಾಡು ಗುನುಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ ದುಪಟಿ ಹೊದ್ದು ಏನೋ ಪಿಟಿಪಿಟಿ ಅನ್ನುತ್ತಿದ್ದರು. ವಿಷ್ಣುಸಹಸ್ರನಾಮ ಇರಬೇಕೆಂದು ನನಗೂ ಸ್ವಲ್ಪ ಧೈರ್ಯ ಬಂತು. ಕಿವಿಗೊಟ್ಟು ಕೇಳಿದರೆ ಅದು ಸಹಸ್ರನಾಮವಲ್ಲ.

"ನೀ ಮಂಡಿಗಿ ಕೊಡದಿದ್ರ ನಡೀತಿತ್ತು ಶ್ರೀಪಾದ. ಆದ್ರ ನಾನು ಎಲ್ಲಿ ಕೂತೀನಿ ಅಂತ ಒಮ್ಮೆರೆ ತಿರುಗಿ ನೋಡಬೇಕಿತ್ತು. ಸಣ್ಣಾಂವ ಇದ್ದಾಗ ನಿನ್ನ ಬಗಲಾಗ ಹೊತ್ತಕೊಂಡು ಸಾಲಿಗೆ ಒಯ್ದಾಕಿ ನಾನು."

ಅತ್ತೆ ಭಾಷಣ ತಾಲೀಮು ಮಾಡುತ್ತಿದ್ದರು. ಅಲ್ಲಿಯವರೆಗೆ ನನಗಿದ್ದದ್ದು ಒಂದೇ ಹೆದರಿಕೆ, ನಾವು ಮುಟ್ಟುತ್ತೇವೋ ಇಲ್ಲವೋ ಎಂದು. ಈಗ ಮುಟ್ಟಿಬಿಟ್ಟರೆ ಗತಿಯೇನು ಎಂಬ ಇನ್ನೊಂದು ಸೇರಿಕೊಂಡಿತು. ಹೃದಯ ಕೈಕೊಟ್ಟು ಮಲಗಿದವನ ಮುಂದೆ ಹನ್ನೆರಡು ವರ್ಷದ ಸಿಟ್ಟು ಬಿಚ್ಚಿದರೆ ಆಪರೇಷನ್ನಿನ ಅಗತ್ಯವೇ ಬೀಳಲಿಕ್ಕಿಲ್ಲ. "ಅತ್ತಿ, ಅಲ್ಲಿ ಹೋಗಿ ಏನೂ ಅನಬ್ಯಾಡ್ರಿ" ಎಂದೆ. "ನೀ ಮುಂದ ನೋಡು" ಎಂದರು. ಮುಂದೆ ನೋಡಲು ಹೆದರಿಕೆಯಾಗಿಯೇ ನಾನು ಹಿಂದೆ ತಿರುಗಿದ್ದು ಎಂದು ಹೇಗೆ ಹೇಳಲಿ?

ಪಾಟಸದ ಹತ್ತಿರ ರೇನ್‌ಕೋಟಿನ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಮುಂದೆ ಟ್ಯಾಂಕರ್ ಮಗುಚಿ ಹೆದ್ದಾರಿ ಬಂದ್ ಆಗಿತ್ತು. "ಬಾರಾಮತೀವರೂನ ಜಾ" ಎಂದು ಒಳದಾರಿ ತೋರಿಸಿದ. ಬಾರಾಮತಿಯ ದಾರಿಯಲ್ಲಿ ಎರಡೂ ಕಡೆ ಕಬ್ಬು. ಸಕ್ಕರೆ ಕಾರ್ಖಾನೆಗಳ ಸುಗ್ಗಿಯ ಕಾಲವಾದ್ದರಿಂದ ರಸ್ತೆಯ ಮೇಲೂ ಕಬ್ಬು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಹಿಂದೆ ದೀಪವಿಲ್ಲ. ನಮ್ಮ ಕಚೇರಿಯಲ್ಲಿ ಕಬ್ಬಿನ ಟ್ರೇಲರಿನ ಕ್ಲೇಮುಗಳಿಗೇ ಒಂದು ಬೇರೆ ಕಪಾಟಿದೆ.

ಮಟಮಟ ಮಧ್ಯಾಹ್ನವೇ ಕತ್ತಲಾಯಿತು. ಮೊದಲು ಗಾಳಿ ಬಂತು, ಆಮೇಲೆ ಯಾರೋ ಮೇಲಿನಿಂದ ಜಲ್ಲಿಯ ಬುಟ್ಟಿ ಸುರಿದಂತೆ ಆಣೆಕಲ್ಲು. ಶೈಲಾಳ ಗುನುಗು ನಿಂತದ್ದು ಆಗಲೇ. ದಾರಿಬದಿಯ ಕಬ್ಬಿನ ಹಾಲಿನ ಅಂಗಡಿಯ ತಗಡಿನ ಚಪ್ಪರದೊಳಗೆ ಕಾರನ್ನು ಅರ್ಧ ತೂರಿಸಿದಳು. ಅಂಗಡಿಯ ಹೆಂಗಸು ಗಾಣದ ಬದಿಗೆ ಸರಿದು, "ಯಾ, ಯಾ, ಆತ ಯಾ" ಎಂದು ಒಳಗೆ ಕರೆದಳು. ತಗಡಿನ ಮೇಲೆ ಬೀಳುವ ಕಲ್ಲಿನ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಚಪ್ಪರದ ಒಂದು ತಗಡು ಕಿತ್ತು ಕಬ್ಬಿನ ಹೊಲದ ಮೇಲೆ ಹಾರಿಹೋಯಿತು. ಕಾರಿನ ಹೊರಗುಳಿದಿದ್ದ ಮೂತಿಯ ಮೇಲೆ ಒಂದು ದಪ್ಪ ಕಲ್ಲು ಬಿದ್ದು ಬಲಗಡೆಯ ವೈಪರ್ ಮುರಿಯಿತು.

"ತಿರುಗಿ ಹೋಗೋಣು" ಎಂದೆ. ಅದನ್ನೇ ಬೆಳಗಿನಿಂದ ಹೇಳುತ್ತಿದ್ದೆ, ಆದರೆ ಈ ಸಲ ಶೈಲಾ ನಗಲಿಲ್ಲ. ಅಷ್ಟರಲ್ಲಿ ರಘುವಿನ ಫೋನ್ ಬಂತು. "ಎಲ್ಲಿದೀರಿ ವಸಂತಣ್ಣ? ಅಪ್ಪ ಬಾಗಲ ಕಡೆನ ನೋಡ್ಲಿಕ್ಕೆ ಹತ್ಯಾರ" ಎನ್ನುವಷ್ಟರಲ್ಲಿ ಕಡಿದುಹೋಯಿತು. ಮತ್ತೆ ಹತ್ತಲಿಲ್ಲ. ಅತ್ತೆ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಸರಿದು ನನ್ನ ಮುಂಗೈ ಹಿಡಿದುಕೊಂಡರು.

"ವಸಂತಾ, ಮುಟ್ಟತೀವೇನೋ?"

"ಮುಟ್ಟತೀವಿ ಅತ್ತಿ" ಎಂದೆ. ಯಾರು ಹೇಳಿದರು ಎಂದು ನಾನೇ ತಿರುಗಿ ನೋಡಿದೆ. ಶೈಲಾ ಕೂಡ ನೋಡಿದಳು.

ಕಲ್ಲು ನಿಂತಮೇಲೆ ಶೈಲಾ ನನ್ನ ಕಡೆಯ ವೈಪರನ್ನು ಕಿತ್ತು ತನ್ನ ಕಡೆಗೆ ಸಿಕ್ಕಿಸಿದಳು. ಹೀಗಾಗಿ ಅಲ್ಲಿಂದ ಮುಂದೆ ಆಕೆಗೆ ದಾರಿ ಕಾಣುತ್ತಿತ್ತು, ನನಗೆ ಕಾಣುತ್ತಿರಲಿಲ್ಲ. "ಛಲೋ ಆತು. ಇನ್ನ ನೀವು ಸುಮ್ಮನ ಕೂಡ್ರತೀರಿ" ಎಂದಳು. ಮೂವತ್ತು ವರ್ಷ ಸಂಸಾರ ಮಾಡಿಯೂ ಆಕೆಗೆ ನನ್ನ ಸ್ವಭಾವ ತಿಳಿದಿಲ್ಲ. ಕಾಣುವ ಲಾರಿ ಒಂದೇ ಇರುತ್ತದೆ. ಕಾಣದ ಲಾರಿಗಳಿಗೆ ಲೆಕ್ಕವಿಲ್ಲ. ಇಂದಾಪುರ ದಾಟಿದ ಮೇಲೆ ನೀರು ಹರಿಯುವ ನನ್ನ ಗಾಜಿನಲ್ಲಿ ನಾನು ಏನೇನು ಕಂಡೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಕಂಡಾಗಲೆಲ್ಲ "ನಿಲ್ಲಸು" ಎಂದೆ. ಶೈಲಾ ಹಲ್ಲು ಕಚ್ಚಿ ತಡೆದುಕೊಂಡಳು. ಕೊನೆಗೊಮ್ಮೆ ನಾನು ಎರಡೂ ಕೈ ಮುಂದೆ ಚಾಚಿ ಕೂಗಿದಾಗ ಆಕೆಯ ತಾಳ್ಮೆ ಮುಗಿಯಿತು. ನನ್ನನ್ನು ಮನಸಾರೆ ಬೈಯಬೇಕೆಂದು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ನನ್ನ ಕಡೆ ತಿರುಗಿ, "ನೋಡ್ರಿ..." ಎಂದು ಶುರುಮಾಡಿ, ಮಾತು ನಿಲ್ಲಿಸಿದಳು.

ಒಂದು ಮಿಂಚು ಹೊಡೆದಿತ್ತು. ಆ ಬೆಳಕಿನಲ್ಲಿ ನಮ್ಮ ಮುಂದೆ, ತಿರುವಿನಾಚೆ, ರಸ್ತೆಯ ಉದ್ದಗಲಕ್ಕೂ ಕಬ್ಬು ಚೆಲ್ಲಿಕೊಂಡು ಒಂದು ಟ್ರೇಲರು ಅಡ್ಡಬಿದ್ದಿತ್ತು. ಅದರ ಡ್ರೈವರ್ ಆಗಷ್ಟೇ ತಲೆಯ ಮೇಲೆ ಗೋಣಿಚೀಲ ಹೊದ್ದು, ಕೈ ಬೀಸುತ್ತ ನಮ್ಮ ಕಡೆ ಓಡಿಬರುತ್ತಿದ್ದ.

ಡ್ರೈವರ್ ಕಬ್ಬು ಸರಿಸಿ ಒಂದು ಬದಿಯಲ್ಲಿ ದಾರಿ ಮಾಡಿಕೊಟ್ಟ. ದಾಟಿಹೋದ ಮೇಲೆ ಅತ್ತೆ ಹಿಂದಿನಿಂದ, "ವಸಂತಾ, ನಿನಗ ಕಾಣಸ್ತೇನೋ ಅದು?" ಎಂದು ಕೇಳಿದರು. ನನಗೆ ಕಂಡದ್ದು ಆನೆ. ಅದನ್ನು ಹೇಳಲಿಲ್ಲ. ಶೈಲಾ ಸೋಲಾಪುರದವರೆಗೆ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಈಗ ಕೇಳಿದರೆ, ತನಗೆ ಟ್ರೇಲರು ಮೊದಲೇ ಕಂಡಿತ್ತು ಅನ್ನುತ್ತಾಳೆ.

ವಿಜಯಪುರದ ಆಸ್ಪತ್ರೆ ಮುಟ್ಟಿದಾಗ ಬೀದಿದೀಪ ಹತ್ತುವ ಹೊತ್ತು. ಅತ್ತೆ ಕೋಲೂರುತ್ತ ಕಾಕಾನ ಕೋಣೆಗೆ ನಡೆದರು. ನಾನು ಅವರ ಹಿಂದೆಯೇ ಹೋದೆ, ಭಾಷಣ ಶುರುವಾದರೆ ನರ್ಸನ್ನು ಕರೆಯೋಣವೆಂದು. ಕಾಕಾ ಅರ್ಧಕ್ಕಿಳಿದಿದ್ದರು. ಬಾಗಿಲಲ್ಲಿ ಅಕ್ಕನನ್ನು ಕಂಡು ಏಳಲು ಹೋದರು, ಆಗಲಿಲ್ಲ.

"ಬಂದ್ಯಾ ಅಕ್ಕಾ? ಈ ಮಳ್ಯಾಗ?"

ಅತ್ತೆ ಹಾಸಿಗೆಯ ತುದಿಗೆ ಕೂತರು. ಬಾಯಿ ತೆರೆದರು. ಹಡಪಸರದಿಂದ ಸೋಲಾಪುರದವರೆಗೆ ಬಾಯಿಪಾಠ ಮಾಡಿದ್ದು ಒಂದಕ್ಷರವೂ ಹೊರಗೆ ಬರಲಿಲ್ಲ. ತಮ್ಮನ ಕೆನ್ನೆ ಸವರಿ, "ಗಡ್ಡ ಯಾಕ ಬಿಟ್ಟೀಯೋ? ಛಲೋ ಕಾಣ್ಸೂದಿಲ್ಲ" ಎಂದರು. ಇಬ್ಬರೂ ಅಳಲು ಶುರುಮಾಡಿದರು. ಶೈಲಾ ಕಿಟಕಿಯ ಕಡೆ ತಿರುಗಿದಳು. ನಾನು ಮಾತ್ರ ಇದು ಹೃದಯಕ್ಕೆ ಒಳ್ಳೆಯದೋ ಕೆಟ್ಟದೋ ತಿಳಿಯದೆ ಡಾಕ್ಟರನ್ನು ಹುಡುಕಲು ಓಡಿದೆ.

ಡಾಕ್ಟರೇ ಇರಲಿಲ್ಲ. ಆಪರೇಷನ್ ಮಾಡಬೇಕಾದ ಸರ್ಜನ್ ನಮ್ಮದೇ ಮಳೆಗೆ ಸಿಕ್ಕಿ ಹೈದರಾಬಾದಿನ ದಾರಿಯಲ್ಲೆಲ್ಲೋ ನಿಂತಿದ್ದಾರೆ, ಆಪರೇಷನ್ ಒಂದು ದಿನ ಮುಂದಕ್ಕೆ ಹೋಗಿದೆ ಎಂದು ನರ್ಸಮ್ಮ ಹೇಳಿದರು. ಅಂದರೆ ಒಂದು ದಿನ ತಡೆದು, ಬಿಸಿಲಿನಲ್ಲಿ ಬರಬಹುದಿತ್ತು. ಆಣೆಕಲ್ಲು, ಟ್ರೇಲರು, ಆನೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನನಗೆ ನಗು ಬಂತು, ಆಮೇಲೆ ಗೋಡೆ ಸ್ವಲ್ಪ ವಾಲಿದಂತಾಯಿತು. ನರ್ಸಮ್ಮ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ, "ಇವರ ಜೋಡಿ ಯಾರ ಬಂದೀರಿ?" ಎಂದು ಹೊರಗೆ ಕೂಗಿದರು.

ಕಾಕಾನ ಕೋಣೆಯಲ್ಲೇ ಇನ್ನೊಂದು ಹಾಸಿಗೆ ಖಾಲಿಯಿತ್ತು. ಮರುದಿನವೆಲ್ಲ ನಾನು ಅದರ ಮೇಲೆ ಮಲಗಿದ್ದೆ. ಅತ್ತೆ ಇಬ್ಬರಿಗೂ ಒಂದೇ ಪಾತ್ರೆಯಿಂದ ಗಂಜಿ ಕೊಟ್ಟರು. ಕಾಕಾನನ್ನು ನೋಡಲು ಬಂದ ನೆಂಟರು, ದಾರಿಯಲ್ಲಿ ಮೊದಲು ಸಿಗುವ ಹಾಸಿಗೆ ನನ್ನದಾದ್ದರಿಂದ, ನನಗೇ ಎಳನೀರು ಕೊಟ್ಟು ಧೈರ್ಯ ಹೇಳಿ ಹೋದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಕಾಕಾ ಈಗ ಮೊದಲಿನಂತೆಯೇ ಇದ್ದಾರೆ, ಫೋನು ನೇರವಾಗಿ ಅತ್ತೆಗೇ ಬರುತ್ತದೆ. ಆದರೆ ಆ ದಿನ ಬೆಳಿಗ್ಗೆ ಅವರನ್ನು ಗಾಲಿಮಂಚದ ಮೇಲೆ ಥಿಯೇಟರಿಗೆ ಒಯ್ಯುವಾಗ ನಡೆದದ್ದನ್ನು ನಮ್ಮ ಬಳಗದಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ಎದೆ ಸೀಳಿಸಿಕೊಳ್ಳಲು ಹೊರಟಿದ್ದ ಆ ಮನುಷ್ಯ ನನ್ನ ಹಾಸಿಗೆಯ ಪಕ್ಕ ಮಂಚ ನಿಲ್ಲಿಸಲು ಹೇಳಿ, ನನ್ನ ಮುಖವನ್ನೊಮ್ಮೆ ನೋಡಿ, ಸುತ್ತ ನಿಂತವರಿಗೆ ಮೆಲ್ಲಗೆ, "ನನ್ನ ಚಿಂತಿ ಬಿಡ್ರಿ. ಯಾರರೆ ಒಬ್ಬರು ವಸಂತನ ಹತ್ತರ ಕೂಡ್ರಿ" ಎಂದರು.