ಒಮ್ಮತದ ಉಪವಾಸ

ಹಾಸ್ಟೆಲಿನ ಆ ಹೋರಾಟಕ್ಕೆಲ್ಲ ಮೂಲ ಒಂದು ಡಬ್ಬಿ ಮಿಠಾಯಿ.

ಕಳಿಸಿದ್ದು ವಿದ್ಯಾರ್ಥಿ ಸಂಘದ ನಾಯಕ ಭಾಷಣದಣ್ಣನ ಅಮ್ಮ. ಅವನು ಅದನ್ನು ಮಂಚದಡಿ ತಳ್ಳಿ ಸಭೆಗೆ ಹೋಗಿದ್ದ. ಅದೇ ಕೋಣೆಯಲ್ಲಿದ್ದ, ಎಲ್ಲರೂ ಕಡ್ಡಿ ಎಂದೇ ಕರೆಯುವ ಹುಡುಗ ಯಾವ ಸಭೆಗೂ ಹೋದವನಲ್ಲ; ಕೈಗೆ ಬಂದ ಕರಪತ್ರವನ್ನೆಲ್ಲ ಮಡಚಿ ಅಲ್ಲಾಡುವ ಮಂಚದ ಕಾಲಿಗೆ ಒತ್ತು ಕೊಡುತ್ತಿದ್ದ. ಒಂದು ಚೂರು ರುಚಿ ನೋಡೋಣ ಅಂತ ಮುಚ್ಚಳ ತೆಗೆದ. ಮುಚ್ಚುವಾಗ ಒಳಗೆ ವಾಸನೆ ಮಾತ್ರ ಉಳಿದಿತ್ತು.

ಮರುದಿನ ಬೆಳಿಗ್ಗೆ ಹೊಟ್ಟೆ ಕಾಯಿಸಿದ ತಮಟೆ. ಮೆಸ್ಸಿನಲ್ಲಿ ತಟ್ಟೆ ಮುಂದೆ ಬಂದದ್ದೇ ಎರಡೂ ಕೈಯಿಂದ ತಳ್ಳಿದ. "ಬೇಡ, ಕೈ ಮುಗೀತೀನಿ, ತಗೊಂಡ್ ಹೋಗಿ!"

ಭಾಷಣದಣ್ಣ ಬೆಂಚು ಹತ್ತಿಬಿಟ್ಟ. "ನೋಡಿದ್ರೇನ್ರೋ! ಕಲ್ಲು ಕೊಟ್ರೂ ಅರಗಿಸ್ಕೊಳ್ಳೋ ಕಡ್ಡೀನೇ ತಟ್ಟೆ ತಳ್ಳಿದ ಅಂದ್ರೆ ಈ ಊಟ ಎಂಥದ್ದು! ಎಷ್ಟು ಅರ್ಜಿ ಕೊಟ್ವಿ, ವಾರ್ಡನ್ ಸಾಹೇಬ್ರು ಅದ್ರಲ್ಲಿ ಕನ್ನಡಕ ಒರೆಸ್ಕೊಂಡ್ರು. ಮೆಸ್ಸಿನ ಸಮಿತೀಲಿ ನಾವು ಓಟು ಹಾಕಿ ಆರಿಸಿದೋರು ಇರ್ಬೇಕು. ಅಲ್ಲೀವರೆಗೂ ಕಡ್ಡಿಯ ಉಪವಾಸ! ಒಪ್ಪೋರು ಕೈ ಎತ್ತಿ!"

"ಅಣ್ಣಾ, ನಂಗೆ ಬರೀ ಹೊಟ್ಟೆ..."

"ಗೊತ್ತು ಕಣೋ! ನಿನ್ನ ಹೊಟ್ಟೆ ಸಂಕಟ ನಮ್ಮೆಲ್ಲರದ್ದೂ!"

ಕಾಡಿನಂತೆ ಕೈಗಳೆದ್ದವು. ಬೇಡವೆಂದು ಎದ್ದದ್ದು ಕಡ್ಡಿಯ ಕೈ ಒಂದೇ. ಅದನ್ನೂ ಪರವಾಗಿಯೇ ಎಣಿಸಿಕೊಂಡರು.

ಕಚೇರಿಯ ಮೆಟ್ಟಿಲ ಮೇಲೆ ಅವನನ್ನು ಕೂರಿಸಿದ್ದಾಯಿತು. ಹುಟ್ಟಾ ಬಡಕಲು ಮೈ; ನೋಡಿದವರಿಗೆ ವಾರದಿಂದ ಉಂಡಿಲ್ಲವೆಂದೇ ಅನ್ನಿಸಬೇಕು. ಸಭೆಯೆಂದರೆ ಓಡುತ್ತಿದ್ದವರೆಲ್ಲ ಬಂದು ಘೋಷಣೆ ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಸರಿಹೋಯಿತು. ಹಸಿವು ಮಾತ್ರ ಏರುತ್ತಲೇ ಬಂತು. ಗೇಟಿನ ಕಾವಲುಗಾರ ಕರಗಿ ಬಾಳೆಹಣ್ಣು ಚಾಚಿದ. ಕಡ್ಡಿಯ ಕೈ ಅರ್ಧ ದಾರಿ ಹೋಗಿತ್ತು.

"ಲಂಚ! ಕಡ್ಡಿಯಣ್ಣನಿಗೆ ಲಂಚ!" ಎಂದು ಕಿರಿಯರು ಹಣ್ಣು ಕಿತ್ತೆಸೆದರು.

ಅಡುಗೆಯಣ್ಣ ಸೌಟು ಹಿಡಿದೇ ಬಂದ. "ಏನಪ್ಪಾ ತಮ್ಮಾ, ನಿನ್ನೆವರೆಗೂ ತಟ್ಟೆ ನೆಕ್ಕಿ ತೊಳೆಯೋ ಕೆಲ್ಸ ಉಳಿಸ್ತಿದ್ದೆ. ಇವತ್ತು ನನ್ನ ಕೈ ಕಹಿ ಆಯ್ತಾ?"

ಕಡ್ಡಿ ಲೆಕ್ಕ ಹಾಕಿದ: ನಿಜ ಹೇಳಿದರೆ ಒದೆ, ಸುಮ್ಮನಿದ್ದರೆ ಹಸಿವು. ಗೆದ್ದರಾದರೂ ಅನ್ನ ಸಿಕ್ಕೀತೆಂದು ಘೋಷಣೆಗೆ ತಾನೂ ದನಿಗೂಡಿಸಿದ.

ಸಂಜೆ ವಾರ್ಡನ್ ಇಳಿದು ಬಂದರು. ಅರ್ಜಿಗೆ ಬಗ್ಗದವರು ಜನ ನೋಡಿ ಬಗ್ಗಿದರು. "ಆಯ್ತಪ್ಪಾ, ಚುನಾವಣೆ ಮಾಡ್ಕೊಳ್ಳಿ. ಮೊದ್ಲು ಇವನಿಗೇನಾದ್ರೂ ತಿನ್ಸಿ, ಪ್ರಾಣಗೀಣ ಹೋದೀತು!"

ಕಡ್ಡಿಯ ಕಣ್ಣು ತುಂಬಿತು. ಅನ್ನದ ತಟ್ಟೆ ಬಂದೇಬಿಟ್ಟಿತು.

"ತಡೀರಿ!" ಎಂದ ಭಾಷಣದಣ್ಣ. "ಇಂಥವನ ಉಪವಾಸ ಮೆಸ್ಸಿನ ಅನ್ನದಿಂದ ಬಿಡಿಸೋದಾ? ನಮ್ಮಮ್ಮ ಕಳಿಸಿದ ಮಿಠಾಯಿ ಇದೆ, ನನ್ನ ಕೈಯಾರೆ ತಿನ್ನಿಸ್ತೀನಿ!"

"ಅಣ್ಣಾ, ಅನ್ನಾನೇ ಸಾಕಣ್ಣಾ!"

ಭಾಷಣದಣ್ಣ ಓಡಿ ಹೋಗಿ ಡಬ್ಬಿ ತಂದ. ಎಲ್ಲರೆದುರು ಮುಚ್ಚಳ ತೆಗೆದ. ಒಳಗೆ ಒಂದು ಇರುವೆ ನಿರಾಶೆಯಿಂದ ಸುತ್ತುತ್ತಿತ್ತು.

"ಯಾವನೋ ಕಳ್ಳ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರಿದ್ದಾರೆ. ಕಡ್ಡಿ ಹೊಟ್ಟೆ ಮುಟ್ಟಿಕೊಂಡ. "ಪಾಪ, ಹಸಿವು" ಎಂದರು ಜನ.

"ತನಿಖಾ ಸಮಿತಿ ಆಗ್ಲೇಬೇಕು! ಅಧ್ಯಕ್ಷ ನಮ್ಮ ಕಡ್ಡಿ. ಇವತ್ತು ಏನೂ ಮುಟ್ಟದ ಬಾಯಿ ಅಂದ್ರೆ ಇವನದೊಂದೇ. ಕಳ್ಳ ಸಿಗೋವರೆಗೂ ಉಪವಾಸ ಮುಂದುವರಿಯುತ್ತೆ! ಒಪ್ಪೋರು?"

ಮತ್ತೆ ಕಾಡು. ಅಡುಗೆಯಣ್ಣ ಖಾಲಿ ಡಬ್ಬಿಯನ್ನೊಮ್ಮೆ, ಕಡ್ಡಿಯ ಹೊಟ್ಟೆಯನ್ನೊಮ್ಮೆ ನೋಡಿ ಎರಡೂ ಕೈ ಎತ್ತಿದ. ಆಮೇಲೆ ಬಗ್ಗಿ, ಅನ್ನದ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡು, ಕಡ್ಡಿಯ ಕಿವಿಯಲ್ಲಿ ಹೇಳಿದ:

"ಅಜೀರ್ಣಕ್ಕೆ ಲಂಘನವೇ ಮದ್ದು ಕಣೋ ತಮ್ಮಾ."