ಮಾವನ ಫೋನಿನೊಳಗಿನ ಮರಿ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಇಬ್ಬರ ಮೇಲೆ ಮಾತ್ರ ಸಿಟ್ಟು: ಒಂದು ತೋಳ, ಇನ್ನೊಬ್ಬ ಆ್ಯಪ್ ಮಾಡಿದವನು. ತೋಳನ ಮೇಲಾದರೂ ಸ್ವಲ್ಪ ಗೌರವವಿದೆ. "ಅದು ಹೊಟ್ಟಿ ಹಸದ್ರ ಬರ್ತೈತಿ. ಇಂವ ಉಂಡು ಬಂದು ಕಾಡ್ತಾನ!"

ಮೈಂದರ್ಗಿಯಲ್ಲಿ ಮಾವನಿಗೆ ಮನೆಯೇನೋ ಇದೆ. ಆದರೆ ಅದರ ಪರಿಚಯ ಅವನಿಗಿಂತ ಬೀಗಕ್ಕೇ ಹೆಚ್ಚು! ಕುರಿ ಹಿಂಡು ಎಲ್ಲಿ ಮಲಗುತ್ತದೋ ಅಲ್ಲೇ ಅವನ ಬಿಡಾರ. ಇವತ್ತು ಇವರ ಹೊಲಕ್ಕೆ ಗೊಬ್ಬರ, ನಾಳೆ ಅವರ ಹೊಲಕ್ಕೆ.

ಒಮ್ಮೆ ಸೊಲ್ಲಾಪುರದಿಂದ ಬೂಟು ಹಾಕಿದ ಇಂಜಿನಿಯರ್ ಒಬ್ಬ ಬಂದು, "ಕಾಕಾ, ನಿಮಗ ಏನ್ ಬೇಕು?" ಎಂದು ಕೇಳಿದ.

"ಕುರಿಗಿ ಜಡ್ಡ ಬಂದ್ರ, ನಾ ನಿಂತಲ್ಲಿಗಿ ಡಾಕ್ಟರ್ ಬರಬೇಕ್ರಿ. ಅಷ್ಟ."

ಈ ಒಂದು ಮಾತನ್ನು ಅವನು ಮಧ್ಯಾಹ್ನದ ತನಕ ಟೈಪ್ ಮಾಡಿದ. ಏನೇನು ಟೈಪ್ ಮಾಡಿದನೋ, ನಮ್ಮ ಕುಲದೇವರು ಬೀರೋಬನೇ ಬಲ್ಲ!

ಆ್ಯಪ್ ಬಂತು. ತೆರೆದರೆ ಸಾಕು, ಫೋನಿನೊಳಗಿಂದ ಒಂದು ಮರಿ "ಬ್ಯಾಂ!" ಎಂದು ಕೂಗುತ್ತದೆ. ಚೆಂದಕ್ಕೆ! ನಿಜವಾದ ಕುರಿಗಳಿಗೆ ಕಿವಿ ಇರುತ್ತದೆಂದು ಆ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲವೇ? ಮೊದಲ ಸಲ ತೆರೆದಾಗ ತಾಯಿಕುರಿಗಳೆಲ್ಲ ಮೇವು ಬಿಟ್ಟು, ಯಾರದೋ ಜೋಳದ ಬೆಳೆ ತುಳಿದು, ಮಾವನ ಮೈಮೇಲೇ ಬಿದ್ದವು.

"ಏ ಹುಚ್ಚವ್ವಗಳ್ರ್ಯಾ, ಮರಿ ಅಲ್ಲ ಅದು, ಫೋನ!"

ಅಂದಿನಿಂದ ಮಾವ ಮಟಮಟ ಮಧ್ಯಾಹ್ನದಲ್ಲೂ ಕಂಬಳಿ ಮುಸುಕು ಹಾಕಿಯೇ ಫೋನ್ ನೋಡುವುದು.

ಹಿಂಡು ಮೈಂದರ್ಗಿಯಿಂದ ಬಲು ದೂರ, ಮಂದ್ರೂಪದ ಹೊಲವೊಂದರಲ್ಲಿದ್ದಾಗ ಒಂದು ಕುರಿಗೆ ಹೆರಿಗೆ ತಡೆಯಿತು. ನಾನು ಬುತ್ತಿ ಕೊಡಲು ಹೋಗಿದ್ದೆ. ಮೀಸೆ ಬಂದ ಮೇಲೆ ಸಾಲಿ ಕಲಿತವನಾದರೂ ನಮ್ಮಲ್ಲಿ ನಾನೇ ವಿದ್ವಾಂಸ. ಮಾವನ ಆ್ಯಪಿನಲ್ಲಿ ಡಾಕ್ಟರನ್ನು ಕರೆಯುವ ಗುಂಡಿ ಒತ್ತಿದೆ. ವಿಳಾಸ ಮೈಂದರ್ಗಿಯ ಮನೆಯದಿತ್ತು. ಬದಲಿಸಹೋದರೆ ಪುರಾವೆ ಕೇಳಿತು. ಯಾರದೋ ಹೊಲಕ್ಕೆ ನಮ್ಮದೆಂಥ ಪುರಾವೆ? ಅಷ್ಟರಲ್ಲಿ 'ಡಾಕ್ಟರು ಹೊರಟಿದ್ದಾರೆ' ಎಂದು ಹೂವು ತೋರಿಸಿತು. ಎಷ್ಟೋ ಹೊತ್ತಿನ ಮೇಲೆ ಡಾಕ್ಟರ ಫೋನ್ ಬಂತು:

"ಮನಿಗಿ ಕೀಲಿ ಹಾಕೈತಲ್ರಿ?"

"ಕುರಿ ಮನ್ಯಾಗ ಕುಂಡ್ರತಾವೇನ್ರಿ ಸಾಹೇಬ್ರ? ಮಂದ್ರೂಪದಾಗ ಅದೀವಿ!" ಮಾವ ಕುರಿಯ ಹತ್ತಿರದಿಂದಲೇ ಕೂಗಿದ.

ಅವರು ಅಲ್ಲಿಂದ ಬರುವಷ್ಟರಲ್ಲಿ ಮಾವ ಕೈಹಾಕಿ ಮರಿ ತೆಗೆದಿದ್ದ. ತಾಯಿ ಉಳಿಯಲಿಲ್ಲ. ಡಾಕ್ಟರು ನೋಡಿ ಹೊರಟರು. ಆಗ ಫೋನು ಕೇಳಿತು: 'ನಮ್ಮ ಸೇವೆ ಹೇಗಿತ್ತು? ಐದು ಚುಕ್ಕಿ ಕೊಡಿ.'

"ಹಡದವ್ವನ್ನ ತಿಂದಿ, ಮ್ಯಾಲ ಚುಕ್ಕಿ ಬೇಕ ನಿನಗ?" ಮಾವ ಫೋನನ್ನು ಮುಳ್ಳುಬೇಲಿಗೆ ಎಸೆದ.

ತಬ್ಬಲಿ ಮರಿಗೆ ಕೂಗುವ ತ್ರಾಣವೂ ಇರಲಿಲ್ಲ. ಹಿಂದಿನ ದಿನವಷ್ಟೇ ಮರಿ ಕಳೆದುಕೊಂಡ ಇನ್ನೊಂದು ಕುರಿಯಿತ್ತು. ಆ ಸತ್ತ ಮರಿಯನ್ನು ಒರೆಸಿದ್ದ ಬಟ್ಟೆಯನ್ನು ಮಾವ, ಅದರ ವಾಸನೆ ಹತ್ತಲೆಂದು, ಈ ತಬ್ಬಲಿಯ ಮೈಗೆಲ್ಲ ತಿಕ್ಕಿದ. ಕುರಿ ಮೂಸಿತು, ದನಿ ಕೇಳದೆ ಒದ್ದು ದೂರ ಹೋಯಿತು.

ಮಾವ ಎದ್ದ. ಬೇಲಿಗೆ ಕೈಹಾಕಿ, ತರಚಿಸಿಕೊಂಡು, ಫೋನ್ ತೆಗೆದ. ಮರಿಯ ಹೊಟ್ಟೆಯ ಕೆಳಗಿಟ್ಟು ಆ್ಯಪ್ ತೆರೆದ. "ಬ್ಯಾಂ!" ಮುಚ್ಚಿದ, ಮತ್ತೆ ತೆರೆದ. ಕುರಿಯ ಕಿವಿ ನಿಮಿರಿತು. ತಿರುಗಿ ಬಂತು. ಮೂಸಿತು. ನಿಂತಿತು. ಮರಿಯ ಬಾಯಿಗೆ ಮೊಲೆ ಸಿಕ್ಕಿತು.

"ಇದಕ್ಕ ಅಳಾಕ ಅಷ್ಟ ಕಲಿಸ್ಯಾನ ನೋಡ, ಸುಡಗಾಡ ಇಂಜಿನಿಯರ!" ಎಂದು ಬೈಯುತ್ತಲೇ ಮಾವ ಕಂಬಳಿಯ ತುದಿಯಿಂದ ಫೋನಿನ ಮಣ್ಣು ಒರೆಸಿದ. ಬೆರಳು ತಾಗಿ ಫೋನು ಇನ್ನೊಮ್ಮೆ ಕೂಗಿತು. ಮಾವ ಅದರ ಬೆನ್ನು ತಟ್ಟಿದ.

"ಸಾಕ, ಸುಮ್ನಾಗ ನನ್ನಪ್ಪಾ. ಬಂದ್ಳ ನಿಮ್ಮವ್ವ."